ಸುಣ್ಣದ ಡಬ್ಬಿ

ಸಂಚಿ ಹಂಪಮ್ಮಜ್ಜಿಯದು. ಮೂರು ಖಾನೆ, ಕೆಂಪು ಲಾಡಿ,
ಒಂದು ಮೂಲೆಯಲ್ಲಿ ಇನ್ನೂ ಕಾಚಿನ ಕಲೆ.
ಎಲೆ ಇದ್ದಲ್ಲಿ ಈಗ ಸಿರಿಂಜು,
ಅಡಿಕೆ ಇದ್ದಲ್ಲಿ ಮಾತ್ರೆ, ಸ್ಪಿರಿಟ್ ಹತ್ತಿ, ಒಂದು ಸೀಟಿ.
ಉದ್ದನೆಯ ಹಿತ್ತಾಳೆ ಸುಣ್ಣದ ಡಬ್ಬಿಯಲ್ಲಿ, ಅರಳೆಯ ಮೇಲೆ,
ಅವಳಿ ಕೂಸುಗಳ ಹಾಗೆ ಎರಡು ಗಾಜಿನ ಆಂಪ್ಯೂಲು.

ಸಾಣಾಪುರದ ಗುಂಡುಗಳ ಮೇಲೆ
ಬೆರಳ ತುದಿಯಲ್ಲಿ ಅನ್ನ ಕಾಣುವವಳು ನಾನು.
ಏರಲು ಬಂದವರಿಗೆ ಹಾಸಿಗೆ ಬಾಡಿಗೆ ಕೊಡುತ್ತೇನೆ, ದಾರಿ ತೋರಿಸುತ್ತೇನೆ,
ಬಿದ್ದವರಿಗೆ "ಏಳ್ರಿ, ಏನೂ ಆಗಿಲ್ಲ" ಅನ್ನುತ್ತೇನೆ.
ಬಿಸಿಲೇರುವ ಮುಂಚೆ ನನ್ನ ಪಾಲಿಗೂ ಒಂದು ಕಲ್ಲು.

ಎರಡು ವರ್ಷದ ಕೆಳಗೆ ಒಂದೇ ಒಂದು ಹೆಜ್ಜೇನು
ಕಿವಿಯ ಹಿಂದೆ ಕೂತು, ಕೆಲಸ ಮುಗಿಸಿ, ಸತ್ತಿತು.
ನಾಲಿಗೆ ಬಾಯಿಗಿಂತ ದೊಡ್ಡದಾಯಿತು,
ಆಕಾಶ ಸೂಜಿಯ ಕಣ್ಣಿನಷ್ಟಾಯಿತು.
ಮೌಲಾಸಾಬ ಅದೇ ಬಾಡಿಗೆ ಹಾಸಿಗೆಯ ಮೇಲೆ ಮಲಗಿಸಿ
ಗೊಬ್ಬರ ಇಳಿಸಿ ಬರುತ್ತಿದ್ದ ಟಂಟಂನಲ್ಲಿ ಗಂಗಾವತಿಗೆ ಒಯ್ದ.
ಆಗ ನಾನು ಆಡಿದ ಕೊನೆಯ ಮಾತಂತೆ:
"ಹಾಸಿಗಿಗೆ ಗೊಬ್ಬರ ಹತ್ತೀತು."

ಡಾಕ್ಟರಮ್ಮ ಒಂದು ಪಪ್ಪಾಯಿಕಾಯಿ ತರಿಸಿ ಕಲಿಸಿದರು:
ಕುತ್ತಿಗೆ ಮುರಿ, ಎಳೆದುಕೋ, ಅರ್ಧ ಎಂ.ಎಲ್.,
ತೊಡೆಯ ಹೊರಮಗ್ಗುಲು, ಬಟ್ಟೆಯ ಮೇಲಿಂದಲಾದರೂ ಸರಿ,
ಆಮೇಲೆ ಹುಷಾರಾದೆ ಅನ್ನಿಸಿದರೂ ಆಸ್ಪತ್ರೆಗೆ ಬಾ.
ಬರೀ ನೀರು ತುಂಬಿ ಆ ಕಾಯಿಗೆ ಹನ್ನೊಂದು ಸಲ ಜೀವ ಕೊಟ್ಟೆ.
"ಸಾಕು, ಮನಿಗೆ ಒಯ್ದು ಪಲ್ಯ ಮಾಡು" ಅಂದರು.

ಅಂದಿನಿಂದ ನನ್ನೂರಿಗೆ ಬೇರೆ ನಕಾಶೆ.
ದೊಡ್ಡ ಗುಂಡಿನಿಂದ ಡಾಂಬರು ರಸ್ತೆಗೆ ಹನ್ನೆರಡು ನಿಮಿಷ,
ಕಾಲುವೆ ಹಾರಿದರೆ ಒಂಬತ್ತು,
ಗದ್ದೆಗೆ ನೀರು ಬಿಟ್ಟಿದ್ದರೆ ಹದಿನೈದು.
ಸಿಗ್ನಲ್ ಸಿಗುವ ಕಲ್ಲುಗಳು ಮೂರೇ.

ದಿನಾ ಬೆಳಗ್ಗೆ ಒಂದೊಂದನ್ನೇ ಸೂರ್ಯನಿಗೆ ಹಿಡಿಯುತ್ತೇನೆ.
ಬಾವಿನೀರಿನಂತೆ ತಿಳಿಯಿದ್ದರೆ ಈ ದಿನ ನನ್ನದು,
ಚಹಾದ ಬಣ್ಣಕ್ಕೆ ತಿರುಗಿದ್ದರೆ
ನನಗಿಂತ ಮೊದಲು ಬಿಸಿಲು ಬಾಯಿ ಹಚ್ಚಿದೆ.

ಬಸ್ಸಿನಲ್ಲಿ ಮುದುಕಿಯರು ಸಂಚಿ ಕಂಡು ಕೈ ಚಾಚುತ್ತಾರೆ:
"ಒಂದು ಹೋಳು ಕೊಡಬೇ, ಬಾಯಿ ಸಪ್ಪಗಾಗೈತಿ."
ಅವರಿಗೆಂದೇ ಈಗ ನಾಲ್ಕು ಹೋಳು ಅಡಿಕೆಯೂ ಇದೆ.
ಅವ್ವನದು ಬೇರೆ ರಾಗ: "ಇಷ್ಟೆಲ್ಲ ಕಟ್ಕೊಂಡು ಹೋಗೂದ್ಯಾಕ? ಮನ್ಯಾಗ ಕುಂದ್ರು."
ಹಿತ್ತಲ ಬೇವಿನಲ್ಲೂ ಜೇನು ಕಟ್ಟಿದೆ. ಅವಳಿಗೆ ಹೇಳಿಲ್ಲ.

ಮೊನ್ನೆ, ಬೇಗ ಕೈಗೆ ಸಿಗಲೆಂದು
ಡಬ್ಬಿಯಿಂದ ತೆಗೆದು ಮೇಲಿನ ಖಾನೆಗೆ ಹಾಕಿದ್ದೆ.
ಇಪ್ಪತ್ತಡಿ ಎತ್ತರ. ಕೊನೆಯ ಹಿಡಿತಕ್ಕೆ ಸೊಂಟವನ್ನು ಕಲ್ಲಿಗೆ ಒತ್ತಿದೆ.
ಚಟ್. ಇನ್ನೊಮ್ಮೆ, ಚಟ್.
ತೊಡೆಗುಂಟ ತಣ್ಣಗೆ ಇಳಿದದ್ದು
ನನ್ನವೇ ಎರಡು ಜೀವ.

ಆಗ ಕೇಳಿಸಿತು, ಇಷ್ಟು ದಿನ ಕಿವಿಗೆ ಹಾಕಿಕೊಳ್ಳದ್ದು:
ಪಕ್ಕದ ಬಂಡೆಯ ಸೂರಿನಡಿ ಕಪ್ಪು ತಟ್ಟೆಯೊಂದು
ಕುದಿಯುವ ಮುಂಚಿನ ಎಸರಿನ ಹಾಗೆ
ಗುಂಯ್ಗುಡುತ್ತಿತ್ತು.
ಬೆವರಬಾರದು ಅಂದುಕೊಂಡಷ್ಟೂ ಬೆವರಿದೆ.
ಒಂದು ಹುಳ ಬಂದು ಮಣಿಕಟ್ಟಿನ ಉಪ್ಪು ನೆಕ್ಕಿತು,
ಮುಂಗಾಲು ಒರೆಸಿಕೊಂಡು ಕೂತಿತು.
ಇಬ್ಬರೂ ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡಿದೆವು.
ಅದು ಹಾರಿತು. ನಾನು ಇಳಿದೆ,
ಏರಿದ್ದರ ಮೂರು ಪಟ್ಟು ಹೊತ್ತು ಹಿಡಿದು.

ಒದ್ದೆ ಚಡ್ಡಿ ಕಂಡು ಮೌಲಾಸಾಬ ಕೇಳಿದ:
"ಏನಾತು, ಹೆದರಿ ಹೊಯ್ಕೊಂಡೇನು?"
ಹೂಂ ಅಂದೆ.
ಎರಡೂ ಸೇರಿ ಒಂದು ಪ್ಲೇಟು ಒಗ್ಗರಣಿ-ಮಿರ್ಚಿಯ ರೊಕ್ಕದ್ದು.

ರಾತ್ರಿ ಸಂಚಿ ಒಗೆದು ಗಾಜಿನ ಚೂರು ಆರಿಸಿದೆ.
ಕಾಚಿನ ಕಲೆ ಹೋಗಲಿಲ್ಲ.
ಹೊಸ ಜೋಡಿ ಡಬ್ಬಿಯಲ್ಲೇ ಮಲಗಿದೆ.
ಮುಚ್ಚಳ ಬಲು ಬಿಗಿ, ತೆಗೆಯಲು ಉಗುರೇ ಬೇಕು.
ಕಲ್ಲು ಏರುವವರು ಉಗುರು ಬಿಡಬಾರದು ಅನ್ನುತ್ತಾರೆ.
ಅಜ್ಜಿಯ ಹಾಗೆ ಒಂದನ್ನು ಬಿಡುತ್ತಿದ್ದೇನೆ,
ಬಲಗೈ ಹೆಬ್ಬೆರಳಿನದು.